ಮಾತ್ರೆಯೆಂದರೆ ಅಳತೆ

ಛಂದಸ್ಸನ್ನು ಓದಿದ ವಿದ್ಯಾರ್ಥಿಗಳಿಗೆ ಮಾತ್ರೆಯೆಂಬ ಶಬ್ದ ಪರಿಚಿತವಾದುದು. ಒಂದು ಲಘುವನ್ನು ಉಚ್ಚರಿಸಲು ಹಿಡಿಯುವ ಕಾಲದ ಅಳತೆಯೇ ಮಾತ್ರೆ. ಔಷಧದ ಗುಳಿಗೆಗೂ ನಮ್ಮಲ್ಲಿ ಇದೇ ಹೆಸರು. ಮದ್ದಿನಷ್ಟೇ ಅದರ ಅಳತೆಯೂ ಮುಖ್ಯವೆಂಬ ಅರ್ಥವನ್ನು ನಾವು ಈ ಹೆಸರಿನಲ್ಲಿ ಕಾಣಬಹುದು. ಹಲ್ಲುನೋವು ನಾಲ್ಕು ದಿನವಿದ್ದು ಹೋಗುವುದು. ಆದರೆ ಸಂಧಿವಾತ, ಬೆನ್ನುಬೇನೆ ಮೊದಲಾದುವು ವರ್ಷಗಟ್ಟಲೆ ಜೊತೆಯಲ್ಲಿರುವುವು. ಮೂರು ತಿಂಗಳನ್ನು ಮೀರಿ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲಿಕ ನೋವು ಎನ್ನುತ್ತಾರೆ. ಅದನ್ನು ಸಹಿಸುತ್ತಿರುವ ಹಿರಿಯರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಅವರು ದಿನವೂ ನುಂಗುವ ಮಾತ್ರೆಗೂ ದೇಹದೊಳಗಿನ ಯಕೃತ್ತಿಗೂ ಇರುವ ಸಂಬಂಧವೇನು? ಯಕೃತ್ತೇ ರೋಗಕ್ಕೆ ತುತ್ತಾಗಿದ್ದರೆ ನೋವಿಗೆ ಏನು ಗತಿ?

ಯಕೃತ್ತು ದೇಹದ ಒಳಗಿನ ಅಂಗಗಳಲ್ಲೆಲ್ಲ ದೊಡ್ಡದು. ವಯಸ್ಕರಲ್ಲಿ ಅದರ ತೂಕ ಸುಮಾರು ೧.೫ ಕಿಲೋಗ್ರಾಂ. ಕರುಳಿನಿಂದ ಹೊರಟ ರಕ್ತವು ದೇಹದ ಉಳಿದ ಭಾಗಗಳಿಗೆ ಹೋಗುವ ಮೊದಲು ಯಕೃತ್ತನ್ನು ಹಾದುಹೋಗಬೇಕು. ಆದುದರಿಂದ ನಾವು ನುಂಗಿದ ಔಷಧವೂ ಮೊದಲು ಅಲ್ಲಿಗೇ ಬರುವುದು. ಯಕೃತ್ತು ಔಷಧದ ಅಣುಗಳನ್ನು ಮಾರ್ಪಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದ ಮೂಲಕವೋ ಪಿತ್ತರಸದ ಮೂಲಕವೋ ಹೊರಹಾಕಲು ನೆರವಾಗುತ್ತದೆ. ಆದರೆ ಹೀಗೆ ಮಾರ್ಪಡಿಸುವಾಗ ಒಮ್ಮೊಮ್ಮೆ ಮೂಲವಸ್ತುವಿಗಿಂತ ಹೆಚ್ಚು ಅಪಾಯಕರವಾದ ವಸ್ತು ಹುಟ್ಟುವುದೂ ಉಂಟು. ಇದಕ್ಕೆ ಪ್ಯಾರಾಸಿಟಮಾಲ್ ಉತ್ತಮ ನಿದರ್ಶನ.

ಈ ಔಷಧದ ಕಥೆ ಒಂದು ಪ್ರಮಾದದಿಂದ ಆರಂಭವಾಯಿತು. ೧೮೮೬ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಕಾನ್ ಮತ್ತು ಹೆಪ್ ಎಂಬ ವೈದ್ಯರು ಹೊಟ್ಟೆಹುಳುವಿನ ಚಿಕಿತ್ಸೆಗಾಗಿ ನ್ಯಾಫ್ತಲೀನನ್ನು ಬಳಸುತ್ತಿದ್ದರು. ಔಷಧದ ಅಂಗಡಿಯಿಂದ ತಪ್ಪಿ ಬಂದ ಅಸಿಟನಿಲೈಡ್ ಎಂಬ ಬೇರೊಂದು ವಸ್ತುವನ್ನು ರೋಗಿಗೆ ಕೊಟ್ಟಾಗ ಹುಳು ಹೋಗಲಿಲ್ಲ, ಜ್ವರ ಇಳಿಯಿತು! ಹೊಸ ಔಷಧ ಬಳಕೆಗೆ ಬಂದಿತು. ಆದರೆ ಅದು ರಕ್ತದ ಹೀಮೊಗ್ಲೋಬಿನ್ನನ್ನು ಕೆಡಿಸಿ ಕೆಲವರ ಚರ್ಮವನ್ನು ನೀಲಿಗಟ್ಟಿಸುತ್ತಿತ್ತು. ೧೯೪೮ರಲ್ಲಿ ಬ್ರೋಡಿ ಮತ್ತು ಆಕ್ಸೆಲ್‌ರಾಡ್ ಎಂಬ ಅಮೆರಿಕದ ವಿಜ್ಞಾನಿಗಳು ಇದರ ಗುಟ್ಟನ್ನು ಬಿಡಿಸಿದರು. ಅಸಿಟನಿಲೈಡ್ ದೇಹದಲ್ಲಿ ಪ್ಯಾರಾಸಿಟಮಾಲ್ ಆಗಿ ಮಾರ್ಪಡುವುದರಿಂದಲೇ ನೋವು ಶಮನವಾಗುವುದೆಂದೂ, ರಕ್ತದ ಕೆಡುಕಿಗೆ ಇನ್ನೊಂದು ಉತ್ಪನ್ನ ಕಾರಣವೆಂದೂ ಅವರು ತೋರಿಸಿದರು. ಬಳಿಕ ೧೯೫೫ರಲ್ಲಿ ಅಮೆರಿಕದಲ್ಲಿಯೂ ೧೯೫೬ರಲ್ಲಿ ಬ್ರಿಟನ್ನಿನಲ್ಲಿಯೂ ಪ್ಯಾರಾಸಿಟಮಾಲ್ ಮಾರಾಟಕ್ಕೆ ಬಂದಿತು. ಹತ್ತು ವರ್ಷ ಕಳೆದು, ೧೯೬೬ರಲ್ಲಿ, ಅತಿಯಾಗಿ ಸೇವಿಸಿದವರ ಯಕೃತ್ತು ನಾಶವಾದುದನ್ನು ಬ್ರಿಟನ್ನಿನ ವೈದ್ಯರು ವರದಿ ಮಾಡಿದರು.

ಸಾಧುವೆಂದು ಹೆಸರಾದ ಮದ್ದು ಹೀಗೇಕೆ ಮುನಿಯಿತು? ೧೯೭೩ರಲ್ಲಿ ಅಮೆರಿಕದ ಮಿಚೆಲ್ ಮತ್ತು ಅವರ ಸಂಗಡಿಗರು ಇದಕ್ಕೆ ಉತ್ತರವನ್ನು ಕಂಡುಕೊಂಡರು. ನುಂಗಿದ ಪ್ಯಾರಾಸಿಟಮಾಲಿನ ಬಹುಪಾಲನ್ನು ಯಕೃತ್ತು ನಿರಪಾಯಕರವಾದ ರೂಪಕ್ಕೆ ತಿರುಗಿಸುವುದು. ನೂರರಲ್ಲಿ ಐದು-ಹತ್ತು ಭಾಗ ಮಾತ್ರ ಬೇರೊಂದು ಮಾರ್ಗವನ್ನು ಹಿಡಿದು ವಿಷವಸ್ತುವಾಗುವುದು. ಗ್ಲುಟಾಥಯೋನ್ ಎಂಬ ರಕ್ಷಕವಸ್ತು ಯಕೃತ್ತಿನ ಜೀವಕೋಶಗಳಲ್ಲಿ ಸದಾ ಸಿದ್ಧವಾಗಿದ್ದು, ಈ ವಿಷವನ್ನು ಹುಟ್ಟಿದೊಡನೆಯೇ ಹಿಡಿದು ನಿಷ್ಫಲಗೊಳಿಸುವುದು. ಆದರೆ ಔಷಧ ಮಿತಿಮೀರಿದರೆ ಈ ರಕ್ಷಕದ ದಾಸ್ತಾನು ಕರಗುತ್ತ ಬರುವುದು. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಬರಿದಾದಾಗ, ಉಳಿದ ವಿಷ ಜೀವಕೋಶದ ಪ್ರೋಟೀನುಗಳಿಗೇ ಅಂಟಿಕೊಂಡು ಅದನ್ನು ಕೊಲ್ಲುವುದು. ಉಪವಾಸದಿಂದಲೂ ಅಪೌಷ್ಟಿಕತೆಯಿಂದಲೂ ಗ್ಲುಟಾಥಯೋನ್ ಕುಗ್ಗುತ್ತದೆ. ನಿತ್ಯದ ಮದ್ಯಪಾನ ವಿಷ ಹುಟ್ಟುವ ಮಾರ್ಗವನ್ನೇ ಅಗಲಗೊಳಿಸುತ್ತದೆ.

ಕಾರಣ ತಿಳಿದೊಡನೆ ಪರಿಹಾರವೂ ಹೊಳೆಯಿತು. ಬರಿದಾದ ಉಗ್ರಾಣವನ್ನು ಮತ್ತೆ ತುಂಬಿದರಾಯಿತಲ್ಲವೆ? ೧೯೭೭ರಲ್ಲಿ ಎಡಿನ್‌ಬರೋದ ಪ್ರೆಸ್‌ಕಾಟ್ ಮತ್ತು ಸಂಗಡಿಗರು, ಗ್ಲುಟಾಥಯೋನನ್ನು ತಯಾರಿಸಲು ದೇಹಕ್ಕೆ ನೆರವಾಗುವ ಅಸಿಟೈಲ್‌ಸಿಸ್ಟೀನ್ ಎಂಬ ವಸ್ತುವಿನಿಂದ ಚಿಕಿತ್ಸೆ ಮಾಡಿದುದನ್ನು ಪ್ರಕಟಿಸಿದರು. ಮಿತಿಮೀರಿ ಸೇವಿಸಿದ ಎಂಟು ಗಂಟೆಗಳೊಳಗೆ ಇದನ್ನು ಆರಂಭಿಸಿದರೆ ಯಕೃತ್ತು ಬಹುಮಟ್ಟಿಗೆ ಉಳಿಯುವುದು. ಆದರೆ ಮೊದಲ ದಿನ ರೋಗಿಗೆ ಹೆಚ್ಚಿನ ತೊಂದರೆಯೇ ತೋರದಿರಬಹುದು. ಆದ್ದರಿಂದ ಮಾತ್ರೆ ಹೆಚ್ಚಾಯಿತೆಂದು ಗೊತ್ತಾದಾಗ, ಲಕ್ಷಣಗಳಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಿತಿಯೆಂದರೆ ಎಷ್ಟು? ಆರೋಗ್ಯವಂತ ವಯಸ್ಕರಿಗೆ ಒಂದು ದಿನದಲ್ಲಿ ೪ ಗ್ರಾಂ ಗರಿಷ್ಠ ಮಿತಿ. ಇದನ್ನು ಮೀರುವುದು ಕಷ್ಟವೆಂದು ತೋರಬಹುದು. ಆದರೆ ಲೆಕ್ಕ ಹಾಕಿ ನೋಡೋಣ. ಮಂಡಿನೋವಿಗಾಗಿ ಒಬ್ಬರು ೬೫೦ ಮಿಲಿಗ್ರಾಮಿನ ಮಾತ್ರೆಯನ್ನು ದಿನಕ್ಕೆ ನಾಲ್ಕು ಸಲ ಸೇವಿಸಿದರೆ ೨,೬೦೦ ಮಿಲಿಗ್ರಾಂ ಆಯಿತು. ನಡುವೆ ನೆಗಡಿ ಬಂದು, ೫೦೦ ಮಿಲಿಗ್ರಾಂ ಪ್ಯಾರಾಸಿಟಮಾಲ್ ಸೇರಿರುವ ನೆಗಡಿಯ ಮಾತ್ರೆಯನ್ನು ಮೂರು ಸಲ ನುಂಗಿದರೆ ಮೊತ್ತ ೪,೧೦೦. ಬೆನ್ನುನೋವಿಗೆಂದು ಕೊಂಡ ಸಂಯುಕ್ತ ಮಾತ್ರೆಯಲ್ಲಿ ೩೨೫ ಮಿಲಿಗ್ರಾಂ ಇದ್ದು, ಅದನ್ನೂ ಎರಡು ಸಲ ನುಂಗಿದರೆ ೪,೭೫೦! ಮೂರು ಹೆಸರಿನ ಮೂರು ಮಾತ್ರೆಗಳಲ್ಲಿ ಒಂದೇ ಮದ್ದು ಅಡಗಿದ್ದುದನ್ನು ಅವರು ಅರಿಯಲೇ ಇಲ್ಲ.

ಇದನ್ನೆಲ್ಲ ಓದಿದ ವಾಚಕರು, ಯಕೃತ್ತಿನ ರೋಗವಿರುವವರು ಪ್ಯಾರಾಸಿಟಮಾಲನ್ನು ಮುಟ್ಟಲೇಬಾರದೆಂದು ತೀರ್ಮಾನಿಸಬಹುದು. ಅನೇಕರು ಹಾಗೆಯೇ ಭಾವಿಸಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ಬೇರೆ ನೋವುಮಾತ್ರೆಗಳಿಗೆ ಮೊರೆಹೋಗುತ್ತಾರೆ. ಅಪಾಯವಿರುವುದು ಇಲ್ಲಿಯೇ. ಈ ಗುಂಪಿನ ಔಷಧಗಳು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುಗಳು ಹುಟ್ಟದಂತೆ ತಡೆದು ನೋವನ್ನು ಶಮನಗೊಳಿಸುವುವು. ೧೯೭೧ರಲ್ಲಿ ಇದನ್ನು ತೋರಿಸಿಕೊಟ್ಟ ಜಾನ್ ವೇನ್ ೧೯೮೨ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರಲ್ಲಿ ಒಬ್ಬರು. ಆದರೆ ಯಕೃತ್ತು ಗಡುಸಾಗಿ ಕುಗ್ಗುವ ಸಿರೋಸಿಸ್ ರೋಗದಲ್ಲಿ, ಮೂತ್ರಪಿಂಡಗಳಿಗೆ ರಕ್ತ ಸಾಕಷ್ಟು ಹರಿಯುವುದು ಈ ಪ್ರೊಸ್ಟಾಗ್ಲಾಂಡಿನುಗಳ ಬಲದಿಂದಲೇ. ಅವನ್ನು ತಡೆದರೆ ಮೂತ್ರಪಿಂಡಗಳು ಸೋಲಬಹುದು, ಹೊಟ್ಟೆಯಲ್ಲಿ ನೀರು ಹೆಚ್ಚಬಹುದು, ಜೀರ್ಣಾಂಗಗಳಲ್ಲಿ ರಕ್ತಸ್ರಾವವಾಗಬಹುದು. ಆದುದರಿಂದಲೇ ತಜ್ಞರು ಸಿರೋಸಿಸ್ ರೋಗಿಗಳಿಗೆ ಈ ಗುಂಪನ್ನು ಬಿಟ್ಟು, ದಿನಕ್ಕೆ ೨ ಗ್ರಾಂ ಮೀರದಂತೆ ಪ್ಯಾರಾಸಿಟಮಾಲನ್ನೇ ಸಾಮಾನ್ಯವಾಗಿ ಸೂಚಿಸುತ್ತಾರೆ. ೬೫೦ ಮಿಲಿಗ್ರಾಮಿನವಾದರೆ ಮೂರು, ೫೦೦ರವಾದರೆ ನಾಲ್ಕು. ಯಾರಿಗೆ ಎಷ್ಟೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯನ್ನು ನಾವು ಬಲ್ಲೆವು. ವಿಷವೆಂದು ಹೆದರಿದ ಮದ್ದು ಅಳತೆಯಲ್ಲಿದ್ದಾಗ ಉಳಿದವುಗಳಿಗಿಂತ ಕ್ಷೇಮಕರವೆಂಬುದೂ ಅಷ್ಟೇ ಸತ್ಯ.

ಗಿಡಮೂಲಿಕೆಗಳಿಗೂ ಈ ಎಚ್ಚರ ಸಲ್ಲುವುದು. ಅಮೃತಬಳ್ಳಿಯನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು ೨೦೨೧ರಲ್ಲಿ ವರದಿ ಮಾಡಿದರು. ಬೇರಿನಿಂದ ಬಂದುದಾದರೂ ಕಾರ್ಖಾನೆಯಿಂದ ಬಂದುದಾದರೂ ಯಕೃತ್ತಿಗೆ ಅದು ಒಂದು ರಾಸಾಯನಿಕವೇ.

ಇನ್ನು, ನೋವೆಲ್ಲವೂ ಮಾತ್ರೆಗೆ ಮಣಿಯುವಂಥದಲ್ಲ. ನೋವು ಬಹುಕಾಲ ನಿಂತಾಗ ನರಮಂಡಲವೇ ಅತಿಸೂಕ್ಷ್ಮವಾಗಿ, ಸಣ್ಣ ಸಂವೇದನೆಯೂ ದೊಡ್ಡ ಯಾತನೆಯಾಗಿ ತೋರಬಹುದು. ಮೆದುಳಿಗೆ ಹೋಗುವ ನೋವಿನ ಸಂದೇಶವನ್ನು ಬೆನ್ನುಹುರಿಯಲ್ಲಿರುವ ಒಂದು ಬಗೆಯ ದ್ವಾರ ಏರಿಸುವುದು, ಇಳಿಸುವುದು ಎಂದು ಮೆಲ್‌ಜ್ಯಾಕ್ ಮತ್ತು ವಾಲ್ ೧೯೬೫ರಲ್ಲಿಯೇ ಪ್ರತಿಪಾದಿಸಿದರು. ಅವರ ವಾದದ ವಿವರಗಳು ಮುಂದೆ ತಿದ್ದುಪಡಿಗೊಂಡರೂ, ನೋವು ಬರಿಯ ಗಾಯದ ಅಳತೆಯಲ್ಲವೆಂಬ ಮುಖ್ಯ ಮಾತು ನಿಂತಿತು. ಕ್ರಮವಾದ ವ್ಯಾಯಾಮ, ಸಾಕಷ್ಟು ನಿದ್ರೆ, ಬಿಸಿಶಾಖ, ಮನಸ್ಸಿನ ನೆಮ್ಮದಿ ಇವೆಲ್ಲ ನೋವನ್ನು ತಗ್ಗಿಸಬಲ್ಲುವು. ಯಕೃತ್ತಿಗೆ ಇವುಗಳಿಂದ ಯಾವ ಹೊರೆಯೂ ಇಲ್ಲ. ಮಾತ್ರೆಯ ಸಂಖ್ಯೆಯನ್ನು ಏರಿಸುವ ಮೊದಲು ಇವನ್ನು ಅನುಸರಿಸುವುದು ವಿವೇಕ.

ಈ ವಿಷಯದಲ್ಲಿ ವಿದ್ಯಾರ್ಥಿಗಳಿಂದ ಆಗಬಹುದಾದ ಉಪಕಾರವೊಂದುಂಟು. ಮಾತ್ರೆಯ ಹಾಳೆಯ ಹಿಂಬದಿಯ ಸಣ್ಣ ಅಕ್ಷರಗಳು ಮನೆಯ ಹಿರಿಯರ ಕಣ್ಣಿಗೆ ಕಾಣದಿರಬಹುದು. ಅದನ್ನು ನಾವು ಓದಿ, ಯಾವ ಮಾತ್ರೆಯಲ್ಲಿ ಯಾವ ಮದ್ದು ಎಷ್ಟು ಮಿಲಿಗ್ರಾಂ ಇದೆಯೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡೋಣ; ಕಷಾಯ, ಚೂರ್ಣಗಳನ್ನೂ ಬಿಡದೆ ಸೇರಿಸೋಣ. ವೈದ್ಯರಲ್ಲಿಗೆ ಹೋಗುವಾಗ ಆ ಪುಸ್ತಕವೂ ಜೊತೆಗೆ ಹೋಗಲಿ. ಕೂಡುವ ಲೆಕ್ಕವನ್ನು ಬಲ್ಲ ಯಾರಾದರೂ ಮಾಡಬಹುದಾದ ಕೆಲಸವಿದು.