ಮೂರು ಸೀಟಿಗೆ ನಾಲ್ಕು ಮಾಸ್ಕ್

ಕೊಲ್ಲಿಯ ಶಾಲೆಗಳಿಗೆ ದೊಡ್ಡ ರಜೆ ಜುಲೈ–ಆಗಸ್ಟ್‌ನಲ್ಲಿ. ಹಾಗಾಗಿ ದುಬೈ, ಶಾರ್ಜಾದಲ್ಲಿ ಬೆಳೆಯುವ ಕರಾವಳಿಯ ಮಕ್ಕಳಿಗೆ ಊರೆಂದರೆ ಮಳೆ. ಮರದಲ್ಲಿ ಮಾವು ಹಣ್ಣಾಗುವುದನ್ನು ಅವು ಕಂಡದ್ದು ಕಡಿಮೆ, ಆಟಿಯ ಪತ್ರೊಡೆ ತಿಂದದ್ದೇ ಹೆಚ್ಚು. ಆಗಸ್ಟ್ ಮುಗಿಯುತ್ತ ಬಂದರೆ ಮಂಗಳೂರು ವಿಮಾನ ನಿಲ್ದಾಣದ ಬಾಗಿಲಲ್ಲಿ ಜಾತ್ರೆ. ಕೈಯಲ್ಲಿದ್ದ ನಾಲ್ಕು ದಿನದ ರಜೆ ಮುಗಿಸಿ ಅಪ್ಪಂದಿರು ಮೊದಲೇ ಹಾರಿರುತ್ತಾರೆ. ಮಕ್ಕಳ ದಂಡನ್ನು ಕಡಲು ದಾಟಿಸುವ ಕೆಲಸ ಅಮ್ಮಂದಿರಿಗೆ.

ಇವತ್ತು ಬಂದಿರುವುದು ಅಕ್ಕ-ತಂಗಿ. ಇಬ್ಬರಿಗೂ ಸೇರಿ ಆರು ಮಕ್ಕಳು: ಹನ್ನೊಂದರ ಹುಡುಗಿ, ಒಂಬತ್ತು, ಏಳು, ನಾಲ್ಕರ ಮೂವರು ಗಂಡುಹುಡುಗರು, ಕಂಕುಳಲ್ಲಿ ಒಂದೊಂದು ಕೈಗೂಸು. ಬೀಳ್ಕೊಡಲು ಬಂದ ಅಜ್ಜ ಕೊಡೆ ಊರಿಕೊಂಡು ಕಂಬಿಯ ಆಚೆ ನಿಂತಿದ್ದಾರೆ. ಟಿಕೆಟಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ನೆಹರೂ 1951ರಲ್ಲಿ ಡಕೋಟಾದಲ್ಲಿ ಬಂದಿಳಿದು ಉದ್ಘಾಟಿಸಿದ ನಿಲ್ದಾಣವಿದು. ಆದರೂ ಇಲ್ಲಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅಜ್ಜ ಕೊಲ್ಲಿಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಬಸ್ಸಿನಲ್ಲಿ ಘಟ್ಟ ಹತ್ತಿಳಿದು ಮುಂಬೈ ಸೇರಿ, ಅಲ್ಲಿಂದ ವಿಮಾನ. "ನಿಮ್ಮದೆಂತ ಕಷ್ಟ, ಮನೆ ಬಾಗಿಲಲ್ಲೇ ಹತ್ತುವುದು" ಎನ್ನುತ್ತಾರೆ. ಮೂರು ಟ್ರಾಲಿ, ಆರು ಮಕ್ಕಳನ್ನು ಒಟ್ಟಿಗೆ ತಳ್ಳುತ್ತಿರುವ ಅಕ್ಕ ಉತ್ತರ ಕೊಡುವುದಿಲ್ಲ.

ಬಾಗಿಲ ಜವಾನನ ಕೈಗೆ ಎಂಟು ಪಾಸ್‌ಪೋರ್ಟ್ ಹೋಗುತ್ತದೆ. ತಿಂಗಳ ಕೂಸಾದರೂ ಅದಕ್ಕೆ ಅದರದೇ ಪಾಸ್‌ಪೋರ್ಟ್ ಬೇಕು. ನಾಲ್ಕರವನದು ಹುಟ್ಟಿದ ಹೊಸತರಲ್ಲಿ ಮಾಡಿಸಿದ್ದು. ಫೋಟೊದಲ್ಲಿ ಕಣ್ಣು ಅರೆಮುಚ್ಚಿದ ಬೋಳುತಲೆ, ಎದುರಿಗೆ ಗುಂಗುರು ಕೂದಲಿನ ಪೋಕರಿ. ಜವಾನ ಎರಡು ಸಲ ಕೆಳಗೆ, ಎರಡು ಸಲ ಮೇಲೆ ನೋಡಿ, ನಕ್ಕು ಒಳಗೆ ಬಿಡುತ್ತಾನೆ.

ಕೌಂಟರಿನಲ್ಲಿ ತೂಕದ ಪಂಚಾಯಿತಿ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಸಂಡಿಗೆ ಎಲ್ಲ ಪಾಸು. ಕೊಬ್ಬರಿ ಮಾತ್ರ ನಪಾಸು. ಒಣಗಿದ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ಬೆಂಕಿಗೆ ಆಸ್ಪದ ಕೊಡುವ ಸರಕೆಂದು ಅದನ್ನು ಬ್ಯಾಗೇಜಿಗೆ ಹಾಕಲು ಬಿಡುವುದಿಲ್ಲ. ಪೊಟ್ಟಣ ಜವಾನನ ಕೈ ದಾಟಿ ಅಜ್ಜನ ಕೈ ಸೇರುತ್ತದೆ.

ಆಮೇಲೆ ಸೀಟು. ಕೂಸುಗಳಿಗೆ ಎರಡು ವರ್ಷ ತುಂಬುವವರೆಗೆ ಅಮ್ಮನ ಮಡಿಲೇ ಸೀಟು. ಉಳಿದವರು ಆರು ಜನ, ವಿಮಾನದ ಒಂದು ಸಾಲಿಗೂ ನಡುವಿನ ದಾರಿಯ ಆಚೆ ಮೂರು, ಈಚೆ ಮೂರು. ಸರಿಯಾಗಿ ಒಂದು ಸಾಲು! ಅಕ್ಕ-ತಂಗಿ ಕೂಸುಗಳೊಂದಿಗೆ ಒಂದು ಬದಿಗೆ ಕೂರುವ ಲೆಕ್ಕ ಹಾಕಿ ಬಂದಿದ್ದಾರೆ.

"ಹಾಗೆ ಆಗುವುದಿಲ್ಲ ಮೇಡಂ, ಒಂದು ಬದಿಗೆ ಒಂದೇ ಕೂಸು."

"ಅಲ್ಲ ಮಾರಾಯ್ತಿ, ನಾವು ಒಟ್ಟಿಗೆ ಕೂತರೆ ಒಬ್ಬಳಿಗೆ ಉಣ್ಣಲಿಕ್ಕಾದರೂ ಕೈ ಬಿಡುವಾಗ್ತದೆ."

ಕೌಂಟರಿನ ಹುಡುಗಿ ಕಾರಣ ಬಿಡಿಸಿ ಹೇಳುತ್ತಾಳೆ. ಒಳಗೆ ಗಾಳಿಯ ಒತ್ತಡ ತಪ್ಪಿದರೆ ತಲೆಯ ಮೇಲಿನಿಂದ ಆಮ್ಲಜನಕದ ಮಾಸ್ಕ್ ಜಾರುತ್ತವೆ. ಮೂರು ಸೀಟಿಗೆ ಇರುವುದು ನಾಲ್ಕು. ಹೆಚ್ಚಿನ ಒಂದು ಮಡಿಲ ಕೂಸಿಗೆ; ಐದನೆಯ ಮೂಗಿಗೆ ಮಾಸ್ಕಿಲ್ಲ. ಅಕ್ಕ ಆಚೆ, ತಂಗಿ ಈಚೆ ಎಂದು ತೀರ್ಮಾನವಾಗುತ್ತದೆ. ಮನೆಯಲ್ಲಿ ಒಂದೇ ಚಾಪೆಯ ಮೇಲೆ ಉರುಳಾಡಿಕೊಂಡಿದ್ದ ಎಂಟು ಜೀವಗಳಿಗೆ ಈಗ ಬೇರೆ ಬೇರೆ ಬೋರ್ಡಿಂಗ್ ಪಾಸ್. ಬಾಗಿಲು ಬಾಗಿಲಿಗೂ ಒಬ್ಬೊಬ್ಬರಾಗಿ ಬಿಡಿಸುತ್ತಾರೆ, ದಾಟಿದೊಡನೆ ಇವರು ಮತ್ತೆ ಗಂಟು ಕಟ್ಟಿಕೊಳ್ಳುತ್ತಾರೆ.

ಭದ್ರತಾ ತಪಾಸಣೆಯಲ್ಲಿ ಹಾಲಿನ ಬಾಟಲಿ ಪಾರು. ನೂರು ಮಿಲಿಲೀಟರಿನ ಮಿತಿ ಕೂಸಿನ ಹಾಲಿಗಿಲ್ಲ. ಏಳರವನ ಚೀಲದೊಳಗಿನ ಪ್ಲಾಸ್ಟಿಕ್ ಪಿಸ್ತೂಲು ಪಾರಾಗುವುದಿಲ್ಲ. "ಮಾವ ಕೊಡಿಸಿದ್ದು" ಎಂಬ ಅಳು ವಿಮಾನದ ಮೆಟ್ಟಿಲವರೆಗೂ ಬರುತ್ತದೆ.

ಗುಡ್ಡದ ತಲೆ ಸಮಮಾಡಿ ಕಟ್ಟಿದ ರನ್‌ವೇ. ವೇಗ ಹಿಡಿದ ವಿಮಾನ ನೆಲ ಬಿಟ್ಟ ಕ್ಷಣಕ್ಕೆ ಕೆಳಗೆ ಕಣಿವೆ, ತೆಂಗಿನ ತಲೆಗಳು, ಆಮೇಲೆ ಬರೀ ಬಿಳಿ ಮೋಡ. ಮುಂದಿನ ಸುಮಾರು ನಾಲ್ಕು ಗಂಟೆ ಅಕ್ಕ-ತಂಗಿಯ ನಡುವೆ ದಾರಿಗಡ್ಡವಾಗಿ ಸಾಮಾನು ಓಡಾಡುತ್ತದೆ: ಒದ್ದೆ ಬಟ್ಟೆ, ಬಿಸ್ಕತ್ತು, ಒಮ್ಮೊಮ್ಮೆ ಕೂಸೇ. ಊಟದ ಟ್ರಾಲಿ ತಳ್ಳಿಕೊಂಡು ಬಂದ ಗಗನಸಖಿ ಕೂಸು ದಾಟುವವರೆಗೆ ಕಾಯುತ್ತಾಳೆ. ಹನ್ನೊಂದರ ಹುಡುಗಿ ಯಾರೂ ಹೇಳದೆಯೇ ಯಜಮಾನಿಕೆ ವಹಿಸಿಕೊಂಡಿದ್ದಾಳೆ. ಶೌಚಾಲಯದ ಸರದಿಗೂ ಅವಳದೇ ಆಜ್ಞೆ.

ಇಳಿಯುವುದಕ್ಕೆ ಇನ್ನೂ ಹೊತ್ತಿರುವಾಗ ಅಕ್ಕನ ಕೂಸು ಹಾಲಿಗೆ ರಚ್ಚೆ ಹಿಡಿಯುತ್ತದೆ. ಸುತ್ತಲಿನವರು ತಿರುಗಿ ನೋಡುತ್ತಾರೆ. ಅಕ್ಕ ಬಾಟಲಿಯ ಮುಚ್ಚಳಕ್ಕೆ ಹೆಬ್ಬೆರಳು ಒತ್ತಿ ಹಿಡಿದೇ ಕೂತಿದ್ದಾಳೆ, ಕೊಡುವುದಿಲ್ಲ. ವಿಮಾನ ತಗ್ಗತೊಡಗಿ, ಏಳರವನು "ಅಮ್ಮ, ಕಿವಿ" ಎಂದಾಗ ಮುಚ್ಚಳ ತೆಗೆಯುತ್ತಾಳೆ. ಮಕ್ಕಳಲ್ಲಿ ಕಿವಿಯಿಂದ ಗಂಟಲಿಗೆ ಹೋಗುವ ನಾಳ ಕಿರಿದು. ಒಂದೊಂದು ಗುಟುಕಿಗೂ ಅದು ತೆರೆದು ಒತ್ತಡ ಸರಿಹೋಗುತ್ತದೆ. ಈ ಹಾಲನ್ನು ಮೊದಲೇ ಕೊಟ್ಟಿದ್ದರೆ ಬೇಕಾದ ಹೊತ್ತಿಗೆ ಕೂಸಿಗೆ ನುಂಗಲು ಏನೂ ಉಳಿಯುತ್ತಿರಲಿಲ್ಲ. ದೊಡ್ಡವರಿಗೆ ತಂಗಿ ಪೆಪ್ಪರಮಿಂಟು ಹಂಚುತ್ತಾಳೆ.

ದುಬೈಯಲ್ಲಿ ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ. ಅಲ್ಲಿ 2023ರಿಂದ 4ರಿಂದ 12 ವರ್ಷದ ಮಕ್ಕಳಿಗೆ ಬೇರೆಯೇ ಪಾಸ್‌ಪೋರ್ಟ್ ಕೌಂಟರ್ ಇದೆ. ಮುದ್ರೆಯನ್ನು ಮಕ್ಕಳೇ ಒತ್ತಬಹುದು. ಬೆಳಿಗ್ಗೆಯಿಂದ ಒಬ್ಬೊಬ್ಬರಾಗಿ ಬಿಡಿಸಿದ್ದಕ್ಕೆ ಈಗ ಮೊದಲ ಸಲ ಖುಷಿ. ನಾಲ್ವರೂ ಸಾಲು ನಿಂತು ತಮ್ಮ ತಮ್ಮ ಪುಟಕ್ಕೆ ತಾವೇ ಒತ್ತುತ್ತಾರೆ. ಪಿಸ್ತೂಲಿನ ದುಃಖ ಮರೆತ ಏಳರವನಿಗೆ ಒಂದು ಸಾಲದು.

"ಪಾಪುವಿನದ್ದೂ ಕೊಡಮ್ಮ, ನಾನೇ ಒತ್ತುತ್ತೇನೆ."

"ಅವನಿಗೆ ನಾಲ್ಕಾಗಲಿ, ಅವನೇ ಒತ್ತುತ್ತಾನೆ. ನೀನು ಆ ಚೀಲ ಹಿಡಿ" ಎನ್ನುತ್ತ ಅಕ್ಕ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ದೊಡ್ಡವರ ಸಾಲಿನತ್ತ ನಡೆಯುತ್ತಾಳೆ.