ರಾಜೀನಾಮೆಗೆ ಮುನ್ನ ಒಂದಿಷ್ಟು ಕತೆಗಳು

ವೈಟ್‌ಫೀಲ್ಡ್ ಕಡೆಗೆ ಸಾಗುವ ಮೆಟ್ರೊ ರೈಲಿನಲ್ಲಿ ‘ಪಟ್ಟಂದೂರು ಅಗ್ರಹಾರ’ ಎಂಬ ನಿಲ್ದಾಣದ ಹೆಸರು ಕೇಳಿದಾಗಲೆಲ್ಲ ನನ್ನ ಮನಸ್ಸು ಆ ಎರಡನೆಯ ಪದದ ಬಳಿ ನಿಲ್ಲುತ್ತದೆ. ಅಧ್ಯಯನ, ಅಧ್ಯಾಪನಗಳಲ್ಲಿ ತೊಡಗಿದವರನ್ನು ಅನ್ನದ ಚಿಂತೆ ಬಾಧಿಸದಿರಲೆಂದು ಅರಸರು ದತ್ತಿಯಾಗಿ ಕೊಡುತ್ತಿದ್ದ ಊರು ಅಗ್ರಹಾರ. ಆ ಹೆಸರಿನ ನೆಲದಲ್ಲಿ 1990ರ ದಶಕದಲ್ಲಿ ಐಟಿಪಿಎಲ್ ಎದ್ದು ನಿಂತಿತು. ಈಗ ಅಲ್ಲಿ ದತ್ತಿಯಿಲ್ಲ, ಸಂಬಳವಿದೆ.

ಅಲ್ಲಿನ ಕಂಪೆನಿಯೊಂದರಲ್ಲಿ 16 ವರ್ಷ ದುಡಿದಿರುವ ನನ್ನ ತಂಗಿಯ ಮಗ ಈಚೆಗೆ ಮನೆಗೆ ಬಂದು, ‘ಮಾವ, ಕೆಲಸ ಬಿಡೋಣ ಅಂತಿದ್ದೀನಿ. ಕತೆ ಬರೀಬೇಕು, ಬರೆಯೋ ಹುಡುಗರಿಗೆ ಹೇಳಿಕೊಡಬೇಕು’ ಎಂದ. ಮನೆಸಾಲದ ಕಂತು ಇನ್ನೂ 9 ವರ್ಷ ಬಾಕಿಯಿದೆ. ತಂಗಿ ನನ್ನತ್ತ ನೋಡಿದಳು. ಬುದ್ಧಿ ಹೇಳು ಎಂಬುದು ಅದರ ಅರ್ಥ.

ಅವನ ಕಣ್ಣ ಮುಂದಿದ್ದ ಮಾದರಿ ವಸುಧೇಂದ್ರ. 1969ರಲ್ಲಿ ಸಂಡೂರಿನಲ್ಲಿ ಜನಿಸಿದ ಅವರು ಸುಮಾರು ಎರಡು ದಶಕ ಸಾಫ್ಟ್‌ವೇರ್ ಉದ್ಯಮದಲ್ಲಿದ್ದು, ಬಳಿಕ ಪೂರ್ಣಾವಧಿ ಲೇಖಕರಾದರು. ‘ಛಂದ ಪುಸ್ತಕ’ ಪ್ರಕಾಶನದ ಮೂಲಕ ಹೊಸ ಕತೆಗಾರರನ್ನು ಬೆಳಕಿಗೆ ತಂದರು, ಆಪ್ತಸಮಾಲೋಚನೆಯಲ್ಲೂ ತೊಡಗಿದರು. ಆದರೆ ಈ ಮಾದರಿಯಲ್ಲಿ ನಾವು ಮರೆಯುವ ಅಂಶವೊಂದಿದೆ. ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಓದುಗರ ಮನೆಮಾತಾದಾಗ ಅವರಿನ್ನೂ ನೌಕರಿಯಲ್ಲಿದ್ದರು. ಲಿಸ್ಬನ್‌ನಿಂದ ವಿಜಯನಗರದವರೆಗೆ ಹರಡಿಕೊಂಡ ‘ತೇಜೋ ತುಂಗಭದ್ರಾ’ ಬಂದದ್ದು 2019ರಲ್ಲಿ, ನೌಕರಿ ಬಿಟ್ಟ ಮೇಲೆ.

ನಮ್ಮ ಆಡಳಿತ ಸೇವೆಯ ಪರಂಪರೆಯಲ್ಲೂ ಇಂಥದೇ ಉದಾಹರಣೆಯಿದೆ. ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದ ಮಾಸ್ತಿಯವರ ಮೊದಲ ಕಥಾಸಂಗ್ರಹ ಪ್ರಕಟವಾದದ್ದು 1920ರಲ್ಲಿ, ಸೇವೆಯಲ್ಲಿದ್ದಾಗಲೇ. 1943ರಲ್ಲಿ ಸೇವೆಯಿಂದ ಹೊರಬಂದ ನಂತರ ‘ಜೀವನ’ ಪತ್ರಿಕೆಯನ್ನು ನಡೆಸಿ ಇತರರ ಬರಹಕ್ಕೂ ಜಾಗ ಕೊಟ್ಟರು. ‘ಚಿಕವೀರ ರಾಜೇಂದ್ರ’ 1956ರಲ್ಲಿ ಬಂದಿತು.

ಎರಡೂ ಬದುಕುಗಳ ಪಾಠ ಒಂದೇ. ಸಣ್ಣಕತೆಯನ್ನು ಸಂಜೆಗಳಲ್ಲಿ ಬರೆಯಬಹುದು. ದೊಡ್ಡ ಕಾದಂಬರಿ ಇಡೀ ಹಗಲನ್ನು ಕೇಳುತ್ತದೆ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಬಿಟ್ಟ ಸಂಬಳವೇ ಕಾದಂಬರಿಯ ಅವಕಾಶ ವೆಚ್ಚ. ಅದನ್ನು ತೆರಬಾರದೆಂದಲ್ಲ, ಯಾವ ಕೃತಿಗಾಗಿ ತೆರುತ್ತಿದ್ದೇವೆಂಬುದು ತಿಳಿದಿರಬೇಕು. ಕನ್ನಡ ಕಥಾಸಂಕಲನದ ಗೌರವಧನದಿಂದ ಮನೆಸಾಲ ತೀರುವುದಿಲ್ಲ. ಬರವಣಿಗೆ ಕಲಿಸುವುದಕ್ಕೂ ಮೊದಲು ಬರೆದಿರಬೇಕಾಗುತ್ತದೆ.

‘ಎಷ್ಟು ಕತೆ ಬರೆದಿದ್ದೀಯಪ್ಪ?’ ಎಂದೆ. ‘ಮೂರು ಮುಗಿದಿವೆ, ಒಂದು ಅರ್ಧಕ್ಕೆ ನಿಂತಿದೆ.’ ‘ಒಂದು ವರ್ಷ ಕೆಲಸದಲ್ಲೇ ಇದ್ದು ಹತ್ತು ಮಾಡು. ಅಷ್ಟರಲ್ಲಿ ಎರಡು ವರ್ಷದ ಖರ್ಚನ್ನು ಕೂಡಿಡು. ಹತ್ತಾದ ಮೇಲೂ ಬಿಡಬೇಕೆನಿಸಿದರೆ ಬಿಡು. ನಿನ್ನಮ್ಮನಿಗೆ ನಾನು ಹೇಳುತ್ತೇನೆ’ ಎಂದೆ. ತಂಗಿಗೆ ಪೂರ್ತಿ ಸಮಾಧಾನವಾಗಲಿಲ್ಲ.

ಹೊರಡುವಾಗ ಅವನು ಕೇಳಿದ: ‘ನೀವೂ ಬರೀತಿದ್ರಂತಲ್ಲ ಮಾವ, ಯಾಕೆ ಬಿಟ್ರಿ?’ ವರ್ಗಾವಣೆಗಳ ನಡುವೆ ಪುರುಸೊತ್ತಾಗಲಿಲ್ಲ ಎಂದು ಹೇಳಿ ಕಳುಹಿಸಿದೆ. ಬಾಗಿಲು ಹಾಕಿಕೊಂಡ ಮೇಲೆ ನೆನಪಾಯಿತು, ಮಾಸ್ತಿಯವರಿಗೂ ವರ್ಗಾವಣೆಗಳಾಗಿದ್ದವು.