ಎಲ್ಲ ಪೆಟ್ಟಿಗೆಗೂ ‘ನಬ್ಬೇ’ ಎಣ್ಣೆ ನಡೆಯದು

ಉಮರ್ಗಾ, ನಿಲಂಗಾ, ಉದಗೀರ. ಮಹಾರಾಷ್ಟ್ರದ ಗಡಿಯೊಳಗಿನ ಈ ಮೂರೂ ತಾಲೂಕುಗಳ ಎರೆಭೂಮಿಯ ಗುಣ ಒಂದೇ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಿರುಗ ಮಳೆ ಎರಡು ಸಲ ಹೊಡೆಯಿತೆಂದರೆ ಅದೇ ನೆಲ ಅಂಟಾಗಿ ಎತ್ತಿನ ಕಾಲು, ಬಂಡಿಯ ಗಾಲಿ ಎರಡನ್ನೂ ಹಿಡಿಯುತ್ತದೆ. ಪುಣೆ-ಹೈದರಾಬಾದ ಹೆದ್ದಾರಿ ಉಮರ್ಗಾದ ಮೇಲೆಯೇ ಹಾಯ್ದು ಹೋಗುತ್ತದೆ, ಖರೆ. ಆದರೆ ಹೆದ್ದಾರಿ ಬಿಟ್ಟು ಹೊಲದ ದಾರಿಗೆ ಇಳಿದ ಮೇಲೆ ಡಾಂಬರ ಎಲ್ಲಿಂದ ಬರಬೇಕು? ಬಾಣಂತಿಯನ್ನು ದವಾಖಾನೆಗೆ ಒಯ್ಯಬೇಕಾದಾಗ, ಹಾವು ಕಡಿದವನನ್ನು ಸಾಗಿಸಬೇಕಾದಾಗ ಊರವರು ಹುಡುಕುವುದು ನಾಲ್ಕೂ ಗಾಲಿ ಎಳೆಯುವ ಜೀಪನ್ನೇ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪ ಈ ಸೀಮೆಯನ್ನು ಅಲುಗಿಸಿದಾಗ ಇಂಥ ಗಾಡಿಗಳ ಬೆಲೆ ಎಲ್ಲರಿಗೂ ತಿಳಿಯಿತು. ಮೊನ್ನೆ 2025ರ ಸೆಪ್ಟೆಂಬರ್‌ನಲ್ಲಿ ಮರಾಠವಾಡಾದ ಹೊಳೆಗಳು ದಂಡೆ ಮೀರಿ ಹರಿದಾಗ ಮತ್ತೊಮ್ಮೆ ತಿಳಿಯಿತು. ಇಷ್ಟು ಉಪಕಾರಿ ಗಾಡಿಯ ಹೊಟ್ಟೆಯೊಳಗಿನ ಒಂದು ಪೆಟ್ಟಿಗೆಗೆ ಏನು ಕುಡಿಸಬೇಕು ಎಂಬ ವಿಷಯದಲ್ಲಿ ಮಾತ್ರ ನಮ್ಮವರು ಬಲು ಉಡಾಫೆ. ಯಾವ ಗ್ಯಾರೇಜಿಗೆ ಹೋದರೂ ಒಂದೇ ಮಾತು: ‘ನಬ್ಬೇ ಡಾಲೋ’. ತೊಂಬತ್ತು ನಂಬರಿನ ಗೇರ್ ಎಣ್ಣೆ ಹಾಕಿಬಿಡು ಅಂತ. ಕೆಲವು ಗಾಡಿಗೆ ಅದು ಸರಿ. ಕೆಲವಕ್ಕೆ ಅದೇ ವಿಷ.

ಏನಿದು ಪೆಟ್ಟಿಗೆ?

ಇಂಜಿನ್ನಿನ ಬಲ ಮೊದಲು ಗೇರ್ ಬಾಕ್ಸಿಗೆ ಬರುತ್ತದೆ. ಸಾದಾ ಗಾಡಿಯಲ್ಲಿ ಅಲ್ಲಿಂದ ಎರಡೇ ಗಾಲಿಗೆ ಹೋಗುತ್ತದೆ. ನಾಲ್ಕು ಗಾಲಿಯ ಗಾಡಿಯಲ್ಲಿ ನಡುವೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದೇ ಟ್ರಾನ್ಸ್‌ಫರ್ ಕೇಸ್. ಬಂದ ಬಲವನ್ನು ಮುಂದಿನ ಅಚ್ಚಿಗೆ ಇಷ್ಟು, ಹಿಂದಿನ ಅಚ್ಚಿಗೆ ಇಷ್ಟು ಎಂದು ಹಂಚುವುದು ಅದರ ಕೆಲಸ. ಅಣ್ಣತಮ್ಮಂದಿರಿಗೆ ಹೊಲ ಪಾಲು ಮಾಡುವ ಹಿರಿಯನಿದ್ದಂತೆ. ಕೆಸರಿನಲ್ಲಿ ಸಿಕ್ಕಾಗ ಹಾಕುವ ‘ಲೋ’ ಗೇರು ಇರುವುದೂ ಇದರೊಳಗೇ. ಹಳೆಯ ವಿಲ್ಲೀಸ್ ಮಾದರಿಯ ಜೀಪಿನಲ್ಲಿ ಲೋ ಹಾಕಿದರೆ ಎಳೆಯುವ ಬಲ ಸುಮಾರು ಎರಡೂವರೆ ಪಟ್ಟು ಆಗುತ್ತದೆ. ಅಷ್ಟು ಬಲ ಹೊರುವ ಹಲ್ಲುಗಳ ನಡುವೆ ಇರುವುದು ಎಣ್ಣೆಯ ತೆಳು ಪದರವೊಂದೇ.

ನಮ್ಮ ರೈತರಿಗೆ ಇದು ಹೊಸ ಮಾತಲ್ಲ. ಕುಸುಬಿ ಎಣ್ಣಿ ಒಗ್ಗರಣೆಗೆ, ಔಡಲ ಎಣ್ಣಿ ಬಂಡಿಯ ಅಚ್ಚಿಗೆ ಅಂತ ಹಿರಿಯರು ಬೇರೆ ಬೇರೆ ಇಟ್ಟಿದ್ದರು. ಮನೆಯಲ್ಲಿ ಅದಲು ಬದಲು ಆದರೆ ಅವ್ವ ಬೈಯುತ್ತಿದ್ದಳು. ಗಾಡಿಗೆ ಮಾತ್ರ ಬೈಯಲು ಬಾಯಿಲ್ಲ. ಅದು ಸುಮ್ಮನೆ ಸವೆಯುತ್ತದೆ.

ಗೇರೋ, ಚೈನೋ?

ಎಣ್ಣೆ ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಪೆಟ್ಟಿಗೆಯೊಳಗೆ ಏನದ?

ಕೆಲವು ಪೆಟ್ಟಿಗೆಯೊಳಗೆ ಬರೀ ಹಲ್ಲುಗಾಲಿ. ಒಂದು ಹಲ್ಲು ಇನ್ನೊಂದನ್ನು ತಳ್ಳುತ್ತದೆ. ವಿಲ್ಲೀಸ್ ವಂಶದ ಹಳೆಯ ಮಹೀಂದ್ರಾ ಜೀಪುಗಳದು ಈ ಜಾತಿ. 1985ರಿಂದ ದಶಕಗಟ್ಟಲೆ ಮಾರಾಟವಾದ ಮಾರುತಿ ಜಿಪ್ಸಿಯದೂ ಇದೇ. ಇಂಥ ಹಲ್ಲಿನ ಪೆಟ್ಟಿಗೆಗೆ ಸಾಮಾನ್ಯವಾಗಿ ಗೇರ್ ಎಣ್ಣೆಯೇ ಬೇಕು. ನಮ್ಮ ಮೇಸ್ತ್ರಿಗಳ ‘ನಬ್ಬೇ’ ಮಾತು ಹುಟ್ಟಿದ್ದು ಇಲ್ಲಿಂದ.

ಇನ್ನು ಕೆಲವು ಪೆಟ್ಟಿಗೆಯೊಳಗೆ ಹಲ್ಲಿನ ಬದಲು ಅಗಲವಾದ ಚೈನು ಇರುತ್ತದೆ. ಗುಂಡಿ ತಿರುಗಿಸಿದರೆ ನಾಲ್ಕು ಗಾಲಿಗೆ ಬದಲಾಗುವ ಬೋರ್ಗ್ ವಾರ್ನರ್ ಮಾದರಿಗಳು ಈ ಜಾತಿಯವು. ಇವುಗಳಲ್ಲಿ ಹೆಚ್ಚಿನವು ಕುಡಿಯುವುದು ಎ.ಟಿ.ಎಫ್., ಅಂದರೆ ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಕೆಂಪನೆಯ ತೆಳು ಎಣ್ಣೆ. ಇಂಥ ಪೆಟ್ಟಿಗೆಯೊಳಗೆ ಸಣ್ಣ ಪಂಪು ಇರುತ್ತದೆ. ತಳದ ಎಣ್ಣೆಯನ್ನು ಎಳೆದು ಮೇಲಿನ ಬೇರಿಂಗಿಗೆ ಮುಟ್ಟಿಸುವುದು ಅದರ ಪಾಲಿನ ಕೆಲಸ. ಅದಕ್ಕೆ 90ರ ದಪ್ಪ ಎಣ್ಣೆ ಸುರಿದರೆ ಪಂಪು ಎಳೆಯದು, ಬೇರಿಂಗಿಗೆ ಎಣ್ಣೆ ಮುಟ್ಟದು. ಪೆಟ್ಟಿಗೆ ತುಂಬ ಎಣ್ಣೆ ಇದ್ದರೂ ಮೇಲಿನವ ಹಸಿದು ಸಾಯುತ್ತಾನೆ. ಉಲ್ಟಾ ಮಾಡಿದರೂ ನಷ್ಟವೇ. ಗೇರ್ ಎಣ್ಣೆ ಬೇಡುವ ಪೆಟ್ಟಿಗೆಗೆ ತೆಳು ಎ.ಟಿ.ಎಫ್. ಹಾಕಿದರೆ ಹಲ್ಲಿಗೆ ಹಲ್ಲು ತಾಗಿ ಒರಲುತ್ತದೆ, ಹಳೆಯ ಸೀಲುಗಳಿಂದ ಸೋರುತ್ತದೆ.

ಮೂರನೆಯ ಜಾತಿಯೂ ಒಂದಿದೆ. ಚಾಲಕನನ್ನು ಕೇಳದೆ ತಾನೇ ಬಲ ಹಂಚುವ ಹೊಸ ಕಾಲದ ಪೆಟ್ಟಿಗೆಗಳು. ಇವುಗಳೊಳಗೆ ಒಂದಕ್ಕೊಂದು ಒತ್ತುವ ತೆಳು ಪ್ಲೇಟುಗಳು ಇರುತ್ತವೆ. ಆ ಪ್ಲೇಟು ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಎಂಬುದು ಎಣ್ಣೆಯ ಮೇಲೆ ನಿಂತಿದೆ. ಅದಕ್ಕೆಂದೇ ಕಂಪನಿಗಳು ಬೇರೆ ಎಣ್ಣೆ ಮಾಡಿಸುತ್ತವೆ. ಅಮೆರಿಕದ ಜನರಲ್ ಮೋಟರ್ಸ್‌ನವರ ಇಂಥ ಒಂದು ಎಣ್ಣೆಯ ಬಣ್ಣ ನೀಲಿ. ಬೇರೆ ಎಣ್ಣೆ ಬಿದ್ದರೆ ಗಾಡಿ ಮೆಲ್ಲಗೆ ಹೊರಳುವಾಗ ಗದಗದ ನಡುಗುತ್ತದೆ. ಇಲ್ಲಿ ‘ಅದರಂಥದ್ದು’ ಎಂಬ ಮಾತು ಬ್ಯಾಡ. ಪುಸ್ತಕದಲ್ಲಿ ಹೇಳಿದ್ದೇ ಬೇಕು.

ಚೈನು ಇದ್ದದ್ದಕ್ಕೆಲ್ಲ ಎ.ಟಿ.ಎಫ್., ಹಲ್ಲಿದ್ದದ್ದಕ್ಕೆಲ್ಲ 90 ಎಂದು ಯಾರೂ ಗಂಟು ಹಾಕಿಕೊಳ್ಳಬಾರದು. ಚೈನಿದ್ದೂ ಗೇರ್ ಎಣ್ಣೆ ಬೇಡುವ ಗಾಡಿಗಳಿವೆ. ಒಂದೇ ಹೆಸರಿನ ಗಾಡಿಯಲ್ಲೂ ವರ್ಷ ಬದಲಾದರೆ, ಇಂಜಿನ್ ಬದಲಾದರೆ ಪೆಟ್ಟಿಗೆ ಬದಲಾಗಬಹುದು. ಕಡೆಯ ಮಾತು ಪುಸ್ತಕದ್ದು. ಸೆಕೆಂಡ್ ಹ್ಯಾಂಡ್ ಗಾಡಿಯ ಜೊತೆ ಪುಸ್ತಕ ಬಂದಿರುವುದಿಲ್ಲ ಎಂಬುದೂ ಗೊತ್ತು. ಆಗ ಪೆಟ್ಟಿಗೆಯ ಮೈ ಒರೆಸಿ ನೋಡಿರಿ. ಬಹಳಷ್ಟು ಪೆಟ್ಟಿಗೆಗಳ ಮೇಲೆ ಮಾದರಿಯ ನಂಬರು ಹೊಡೆದ ಸಣ್ಣ ಬಿಲ್ಲೆ ಇರುತ್ತದೆ. ಆ ನಂಬರು ಬರೆದುಕೊಂಡು ಕಂಪನಿಯ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೆ ಉತ್ತರ ಸಿಗುತ್ತದೆ.

ಡಬ್ಬಿಯ ಮೇಲಿನ ಬರಹ

ಡಬ್ಬಿಯ ಮೇಲೆ ಎರಡು ಬರಹ ಓದಲು ಬಂದರೆ ಸಾಕು, ಅರ್ಧ ಮೋಸ ತಪ್ಪುತ್ತದೆ.

ಮೊದಲನೆಯದು ದಪ್ಪದ ಲೆಕ್ಕ. 90 ಎಂದರೆ ಇಂಜಿನ್ನಿನ 40ಕ್ಕಿಂತ ಎರಡು ಪಟ್ಟು ದಪ್ಪ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಇಂಜಿನ್ ಎಣ್ಣೆಯ ಅಳತೆ ಬೇರೆ, ಗೇರ್ ಎಣ್ಣೆಯ ಅಳತೆ ಬೇರೆ. ಸೇರಿನ ಲೆಕ್ಕ, ಕಿಲೋದ ಲೆಕ್ಕ ಇದ್ದಂತೆ. ನೂರು ಡಿಗ್ರಿ ಕಾಯಿಸಿದಾಗ ಗೇರ್ ಎಣ್ಣೆಯ 90, ಇಂಜಿನ್ ಎಣ್ಣೆಯ 40-50ರ ಹತ್ತಿರವೇ ಬರುತ್ತದೆ. ಅದೇ ಕಾವಿನಲ್ಲಿ ಎ.ಟಿ.ಎಫ್.ನ ದಪ್ಪ 90ರ ಅರ್ಧದಷ್ಟು. 80ಡಬ್ಲ್ಯು-90 ಎಂದು ಬರೆದಿದ್ದರೆ ಡಬ್ಲ್ಯು ಹಿಂದಿನ ಸಂಖ್ಯೆ ಚಳಿಯದು. ಹಿಮ ಬೀಳದ ನಮ್ಮ ಸೀಮೆಯಲ್ಲಿ ಅದಕ್ಕಿಂತ ಹಿಂದಿನ 90 ಮುಖ್ಯ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಊರು ನಮ್ಮವು.

ಎರಡನೆಯದು ಜಿ.ಎಲ್.-4, ಜಿ.ಎಲ್.-5 ಎಂಬ ಗುರುತು. ಐದು ದೊಡ್ಡದು, ಅದಕ್ಕೇ ಒಳ್ಳೇದು ಅಂತ ಅಂಗಡಿಯವರು ಕೊಡುತ್ತಾರೆ. ಐದರಲ್ಲಿ ಗಂಧಕ, ರಂಜಕ ಸೇರಿದ ಮದ್ದು ಹೆಚ್ಚು. ಜೋರಾಗಿ ಉಜ್ಜುವ ಹಿಂದಿನ ಅಚ್ಚಿನ ಡಿಫರೆನ್ಷಿಯಲ್ ಹಲ್ಲಿಗೆ ಅದು ಬೇಕೇ ಬೇಕು. ಆದರೆ ಗೇರ್ ಬಾಕ್ಸಿನೊಳಗೆ, ಟ್ರಾನ್ಸ್‌ಫರ್ ಪೆಟ್ಟಿಗೆಯೊಳಗೆ ಹಿತ್ತಾಳೆ, ಕಂಚಿನ ಬುಷ್ಷು-ಬಳೆಗಳು ಇದ್ದರೆ ಎಣ್ಣೆ ಕಾದಾಗ ಆ ಮದ್ದು ಹಳದಿ ಲೋಹವನ್ನು ತಿನ್ನಬಲ್ಲದು. ಪುಸ್ತಕ ಜಿ.ಎಲ್.-4 ಎಂದಿದ್ದರೆ ನಾಲ್ಕೇ ತರಬೇಕು. ಬೆಳೆಗೆ ಎರಡು ಚೀಲ ಗೊಬ್ಬರ ಸಾಕು ಎಂದಲ್ಲಿ ನಾಲ್ಕು ಚೀಲ ಸುರಿದರೆ ಫಸಲು ದುಪ್ಪಟ್ಟು ಆಗುವುದಿಲ್ಲ.

ಬಣ್ಣ ನೋಡಿ ಎಣ್ಣೆ ನಂಬಬಾರದು. ಎ.ಟಿ.ಎಫ್. ಕೆಂಪಗಿರುವುದು ಹಾಕಿದ ಬಣ್ಣದಿಂದ. ಕೆಂಪು ಇದ್ದದ್ದೆಲ್ಲ ಒಂದೇ ಅಲ್ಲ. ಬಿಡಿ ಎಣ್ಣೆ ಕೊಳ್ಳದೆ ಸೀಲು ಇದ್ದ ಡಬ್ಬಿಯನ್ನೇ ಕೊಳ್ಳುವುದು ಮೇಲು.

ಹೊಳೆ ದಾಟಿದ ಮೇಲೆ

ಸರಿಯಾದ ಎಣ್ಣೆ ಹಾಕಿದರೂ ಅದನ್ನು ಕೆಡಿಸುವ ವೈರಿ ನಮ್ಮ ಹಳ್ಳಗಳಲ್ಲೇ ಇದೆ. ತೇರಣಾ, ಮಾಂಜ್ರಾ ಬದಿಯ ಊರವರು ಇದನ್ನು ಗಮನವಿಟ್ಟು ಓದಬೇಕು. ಓಡಿ ಬಂದ ಗಾಡಿಯ ಪೆಟ್ಟಿಗೆ ಕಾದಿರುತ್ತದೆ. ಏಕಾಏಕಿ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಪೆಟ್ಟಿಗೆಯ ಉಸಿರುಗೊಳವೆ ಮಣ್ಣು ತುಂಬಿ ಕಟ್ಟಿದ್ದರೆ ಸೀಲುಗಳ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದೇ ಅರ್ಥ. ಅಂದೇ ಬದಲಿಸಬೇಕು. ಇಷ್ಟು ಕಿಲೋಮೀಟರ್ ಆಗಲಿ ಎಂದು ಕಾಯಬಾರದು.

ಬದಲಿಸುವಾಗ ಸಮತಟ್ಟಾದ ನೆಲದ ಮೇಲೆ ಗಾಡಿ ನಿಲ್ಲಿಸಿ, ಎಣ್ಣೆ ಬೆಚ್ಚಗಿರುವಾಗಲೇ ಇಳಿಸಬೇಕು. ಇಳಿಸುವ ಬೋಲ್ಟಿಗೆ ಕೈ ಹಾಕುವ ಮುಂಚೆ ತುಂಬುವ ಬೋಲ್ಟು ಬಿಚ್ಚುತ್ತದೋ ಇಲ್ಲವೋ ನೋಡಿರಿ. ತುಕ್ಕು ಹಿಡಿದು ಅದು ಬಿಚ್ಚದಿದ್ದರೆ ಖಾಲಿ ಪೆಟ್ಟಿಗೆಯ ಗಾಡಿ ಹೊಲದಲ್ಲೇ ಕೂಡಬೇಕಾಗುತ್ತದೆ. ಇಳಿದ ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಿರಿ. ಹಿಟ್ಟಿನಂಥ ಕರಿಪುಡಿ ಸವಕಳಿಯದು, ಅದು ಸಹಜ. ಚೂರು ಚೂರು ಲೋಹ ಹತ್ತಿದರೆ ಮೇಸ್ತ್ರಿಗೆ ತೋರಿಸಬೇಕು. ಹೊಸ ಎಣ್ಣೆ ಬಹುತೇಕ ಪೆಟ್ಟಿಗೆಗಳಿಗೆ ತುಂಬುವ ತೂತಿನ ಕೆಳ ಅಂಚಿನವರೆಗೆ ಸಾಕು. ವಿಲ್ಲೀಸ್ ಮಾದರಿಯಲ್ಲಿ ಗೇರ್ ಬಾಕ್ಸಿನ ಎಣ್ಣೆ, ಈ ಪೆಟ್ಟಿಗೆಯ ಎಣ್ಣೆ ಒಳದಾರಿಯಿಂದ ಒಂದಕ್ಕೊಂದು ಸೇರುತ್ತವೆ. ಎರಡನ್ನೂ ತೆರೆದು ನೋಡಬೇಕು, ಎರಡಕ್ಕೂ ಒಂದೇ ಎಣ್ಣೆ ಹಾಕಬೇಕು. ಜಿಪ್ಸಿಯಲ್ಲಿ ಪೆಟ್ಟಿಗೆ ಬೇರೆಯೇ ಇರುತ್ತದೆ, ಅದರ ಎಣ್ಣೆಯೂ ಬೇರೆ.

ಇನ್ನೊಂದು ಕಿವಿಮಾತು. ಕೆಸರು ದಾಟಿ ಡಾಂಬರಿಗೆ ಬಂದ ಕೂಡಲೆ ನಾಲ್ಕು ಗಾಲಿಯನ್ನು ಎರಡಕ್ಕೆ ಇಳಿಸಿರಿ. ಹಳೆಯ ಮಾದರಿಗಳಲ್ಲಿ ಮುಂದಿನ ಅಚ್ಚು, ಹಿಂದಿನ ಅಚ್ಚು ಗಟ್ಟಿಯಾಗಿ ಕಟ್ಟಿಕೊಂಡಿರುತ್ತವೆ. ಹೊರಳುವಾಗ ಮುಂದಿನ ಗಾಲಿಗೆ ದಾರಿ ಉದ್ದ, ಹಿಂದಿನದಕ್ಕೆ ಗಿಡ್ಡ. ಕೆಸರಿನಲ್ಲಿ ಗಾಲಿ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಂಗ. ಆ ಜಗ್ಗಾಟದ ಕಾವೆಲ್ಲ ಪೆಟ್ಟಿಗೆಗೆ, ಅದರ ಎಣ್ಣೆಗೆ.

ನಾಲ್ಕು ಗಾಲಿಯ ಟ್ರ್ಯಾಕ್ಟರ್ ಇದ್ದವರೂ ಇದನ್ನೇ ನೆನಪಿಡಬೇಕು. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಮುಂದಿನ ಗಾಲಿಗೆ ಬಲ ಕೊಡುವ ಗೇರು ಹಿಂದಿನ ದೊಡ್ಡ ಪೆಟ್ಟಿಗೆಯ ಎಣ್ಣೆಯಲ್ಲೇ ಮುಳುಗಿರುತ್ತದೆ. ಅದೇ ಎಣ್ಣೆ ಬ್ರೇಕಿಗೂ ಹೋಗುವುದಿದ್ದರೆ ಸಾದಾ 90 ಸುರಿಯಬಾರದು. ಎಣ್ಣೆಯಲ್ಲಿ ಮುಳುಗುವ ಬ್ರೇಕಿಗೆಂದೇ ತಯಾರಾದದ್ದನ್ನು ಹಾಕಬೇಕು.

ಮೂರು ಭಾಷೆ, ಒಂದು ಎಣ್ಣೆ

ನಿಲಂಗಾ, ಉದಗೀರ ಒಂದು ಕಾಲಕ್ಕೆ ಬೀದರ ಜಿಲ್ಲೆಯ ತಾಲೂಕುಗಳು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ಆಗಿನ ಮುಂಬಯಿ ರಾಜ್ಯಕ್ಕೆ ಹೋದವು. ಗೆರೆ ಸರಿಯಿತು, ನಾಲಿಗೆ ಸರಿಯಲಿಲ್ಲ. ಇಂದಿಗೂ ಒಂದೇ ಗ್ಯಾರೇಜಿನಲ್ಲಿ ಗಾಡಿಯ ಧಣಿ ಕನ್ನಡದಲ್ಲಿ ಎಣ್ಣೆ ಎನ್ನುತ್ತಾನೆ, ಮೇಸ್ತ್ರಿ ಮರಾಠಿಯಲ್ಲಿ ತೇಲ ಎನ್ನುತ್ತಾನೆ, ತೆಲುಗು ಸೀಮೆಯಿಂದ ಬಂದ ಚಾಲಕ ನೂನೆ ಎನ್ನುತ್ತಾನೆ. ಡಬ್ಬಿಯ ಮೇಲೆ ಮೂವರಿಗೂ ಬಾರದ ಇಂಗ್ಲಿಷು. ಈ ನಡುವೆ ತಪ್ಪು ಎಣ್ಣೆ ಬಿದ್ದರೆ ಅಚ್ಚರಿ ಏನದ?

ತೆಲುಗಿನಲ್ಲೂ ಕನ್ನಡದಲ್ಲೂ ನಾಲ್ಕು ಸಾಲು ಬರೆಯುವ ನನಗೆ ಹತ್ತನೇ ಇಯತ್ತೆಯ ಇಂಗ್ಲಿಷಿನಲ್ಲಿ ಆ ಡಬ್ಬಿ ಓದಲು ಕಷ್ಟವೇ. ಅದಕ್ಕೆ ಒಂದು ಸುಲಭ ಉಪಾಯ ಹೇಳುತ್ತೇನೆ. ಪುಸ್ತಕ ನೋಡಿ ಎಣ್ಣೆಯ ಹೆಸರು, ನಂಬರು, ಎಷ್ಟು ಲೀಟರ್ ಎಂಬುದನ್ನು ಒಮ್ಮೆ ಖಾತ್ರಿ ಮಾಡಿಕೊಳ್ಳಿರಿ. ಚಾಲಕನ ಬಾಗಿಲ ಒಳಮೈಗೆ ಬಿಳಿ ಬಣ್ಣದಲ್ಲಿ ಕನ್ನಡದಾಗೊಮ್ಮೆ, ಮರಾಠಿಯಾಗೊಮ್ಮೆ ಬರೆಸಿರಿ. ಬದಲಿಸಿದ ತಾರೀಖನ್ನೂ ಕೆಳಗೆ ಬರೆಯಿರಿ. ಗಾಡಿ ಯಾರ ಕೈಗೆ ಹೋದರೂ, ಗಡಿಯ ಆಚೆ ಭಾಲ್ಕಿಯಲ್ಲಿ ಕೆಟ್ಟರೂ, ಈಚೆ ಉದಗೀರದಲ್ಲಿ ಕೆಟ್ಟರೂ ಮೇಸ್ತ್ರಿ ಕೇಳುವ ಮುಂಚೆಯೇ ಬಾಗಿಲು ಉತ್ತರ ಹೇಳುತ್ತದೆ.

ಎಣ್ಣೆಗೆ ಆಗುವುದು ನೂರುಗಳ ಖರ್ಚು, ಪೆಟ್ಟಿಗೆ ಬಿಚ್ಚಿದರೆ ಸಾವಿರಗಳದು. ಮಳೆಗಾಲದ ರಾತ್ರಿ ಗಾಡಿ ಹಳ್ಳದ ನಡುವೆ ನಿಂತರೆ ಆಗುವ ನಷ್ಟಕ್ಕೆ ಮಾತ್ರ ಲೆಕ್ಕವೇ ಇಲ್ಲ. ಮಿರುಗ ಹೂಡುವ ಮುಂಚೆ ಕೂರಿಗೆ, ಕುಂಟೆ ತೆಗೆದು ನೋಡುವಂತೆ ಈ ಪೆಟ್ಟಿಗೆಯ ಬೋಲ್ಟನ್ನೂ ಒಮ್ಮೆ ಬಿಚ್ಚಿ ನೋಡಿರಿ.